ಸಾಕಿದ ಬೆಕ್ಕು ಕಚ್ಚುವುದೇಕೆ?

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಸಂಚರಿಸುವ ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಬರೆದುದು)

ಬಿತ್ತನೆಯ ಬೀಜ, ಗೊಬ್ಬರ, ಕೀಟಬಾಧೆ ಮೊದಲಾದ ವಿಷಯಗಳಿಗೆ ಮೀಸಲಾದ ಈ ಮಾಸಪತ್ರಿಕೆಯಲ್ಲಿ ಬೆಕ್ಕಿನ ಪ್ರಸ್ತಾಪವು ಬಂದುದನ್ನು ಕಂಡು ವಾಚಕ ಮಹಾಶಯರು ನಗಬಹುದು. ದನಕರು, ಕುರಿ, ಕೋಳಿಗಳ ವಿಚಾರವಾದರೆ ಸರಿ, ಒಲೆಯ ಮುಂದೆ ಮಲಗುವ ಬೆಕ್ಕಿಗೂ ವ್ಯವಸಾಯಕ್ಕೂ ಏನು ಸಂಬಂಧವೆಂದು ಕೇಳಲೂಬಹುದು. ಸಂಬಂಧವುಂಟು. ಅದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನದೇ ಒಂದು ತಪ್ಪಿನಿಂದ ಕಲಿತವನು. ಆ ತಪ್ಪನ್ನು ಮೊದಲು ಹೇಳಿಬಿಟ್ಟು ಆಮೇಲೆ ವಿಷಯಕ್ಕೆ ಬರುತ್ತೇನೆ.

ಹೊಸದುರ್ಗ ತಾಲ್ಲೂಕಿನ ಒಂದು ಗ್ರಾಮದಲ್ಲಿ ಶೇಂಗಾ ಬೆಳೆಯ ತನಿಖೆಗೆ ಹೋದಾಗ, ಊರಿನ ಯಜಮಾನರೊಬ್ಬರ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೆನು. ಅವರ ಮೊಮ್ಮಗನು, ಎಂಟು ವರ್ಷದ ಹುಡುಗನು, ಅಳುತ್ತಾ ಬಂದು ಕೈಯನ್ನು ತೋರಿಸಿದನು. ಅಟ್ಟದ ಮೇಲೆ ರಾಗಿಯ ಚೀಲಗಳ ಸಂದಿನಲ್ಲಿ ಬೆಕ್ಕು ಮರಿ ಹಾಕಿತ್ತು. ಮರಿಯನ್ನು ಎತ್ತಿಕೊಳ್ಳಲು ಹೋದ ಹುಡುಗನ ತೋರುಬೆರಳ ಬುಡವನ್ನು ತಾಯಿಬೆಕ್ಕು ಕಚ್ಚಿತ್ತು. ಗಾಯವೆಂದರೆ ಎರಡು ಕೆಂಪು ಚುಕ್ಕೆ, ಅಷ್ಟೆ; ರಕ್ತವೂ ಹೆಚ್ಚಾಗಿ ಬಂದಿರಲಿಲ್ಲ. ನನ್ನನ್ನು ಓದಿದವನೆಂದು ಭಾವಿಸಿ ಆ ಹಿರಿಯರು ಏನು ಮಾಡಬೇಕೆಂದು ಕೇಳಿದರು. ‘ಅರಿಸಿನ ಹಚ್ಚಿರಿ, ಎರಡು ದಿನದಲ್ಲಿ ವಾಸಿಯಾಗುತ್ತದೆ’ ಎಂದು ಹೇಳಿ, ಊಟ ಮುಗಿಸಿ, ನಾನು ಹೊಲದ ಕಡೆಗೆ ಹೊರಟುಹೋದೆನು.

ಮಾರನೆಯ ದಿನ ಹುಡುಗನ ಅಂಗೈ ಊದಿತು. ನಾಲ್ಕನೆಯ ದಿನ ಜ್ವರದಿಂದ ಅವನನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಕೀವನ್ನು ಕುಯ್ದು ತೆಗೆದರು. ಹುಡುಗನು ಬದುಕಿದನು, ಶಾಲೆಗೂ ಹೋಗುತ್ತಿದ್ದಾನೆ. ಆದರೆ ಆ ಬೆರಳು ಇಂದಿಗೂ ಪೂರ್ತಿಯಾಗಿ ಮಡಿಸದು. ಅವನು ಲೇಖನಿ ಹಿಡಿಯುವ ರೀತಿಯನ್ನು ನೋಡಿದಾಗಲೆಲ್ಲ ನನ್ನ ಆ ಮಾತು ನನಗೆ ನೆನಪಾಗುತ್ತದೆ.

ಇತ್ತ ಊರಿನ ಹಿರಿಯರು ಸಭೆ ಸೇರಿ, ಇಂತಹ ಕ್ರೂರ ಪ್ರಾಣಿಗಳು ಮಕ್ಕಳಿರುವ ಊರಿಗೆ ಬೇಡವೆಂದು ತೀರ್ಮಾನಿಸಿದರು. ಸಿಕ್ಕಿದ ಬೆಕ್ಕುಗಳನ್ನೆಲ್ಲ ಗೋಣಿಚೀಲಗಳಲ್ಲಿ ಕಟ್ಟಿ, ಗಾಡಿಯ ಮೇಲೆ ಹಾಕಿ, ದೂರದ ಗುಡ್ಡದ ಬದಿಯಲ್ಲಿ ಬಿಟ್ಟುಬಂದರು. ಮುಂದಿನ ಮುಂಗಾರಿನ ಹೊತ್ತಿಗೆ ನಾನು ಅದೇ ಅಟ್ಟವನ್ನು ಹತ್ತಿ ನೋಡಿದಾಗ, ಬಿತ್ತನೆಗೆಂದು ಇಟ್ಟಿದ್ದ ಶೇಂಗಾ ಚೀಲಗಳ ತಳವೆಲ್ಲ ಜಾಳುಜಾಳಾಗಿತ್ತು. ಕಾಯಿಗಿಂತ ಸಿಪ್ಪೆಯೇ ಹೆಚ್ಚಾಗಿತ್ತು. ಯಜಮಾನರು ಬಿತ್ತನೆಯ ಬೀಜವನ್ನು ಸಾಲ ಮಾಡಿ ತಂದರು. ಒಂದೇ ವರ್ಷದಲ್ಲಿ ಆ ಮನೆಗೆ ಎರಡು ನಷ್ಟಗಳಾದವು. ಎರಡಕ್ಕೂ ಬೆಕ್ಕು ಕಾರಣವಲ್ಲ, ನಮ್ಮ ತಿಳಿವಳಿಕೆಯ ಕೊರತೆಯೇ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಕ್ಕಿನಿಂದ ರೈತನಿಗೆ ಆಗುವ ಉಪಯೋಗ

ನಮ್ಮ ಈ ನಾಲ್ಕು ತಾಲ್ಲೂಕುಗಳು ಮಳೆ ಕಡಿಮೆಯಾದ ಸೀಮೆ. ವಾಣೀವಿಲಾಸ ಸಾಗರದ ನಾಲೆಯ ನೀರು ಕಾಣುವ ಜಮೀನುಗಳನ್ನೂ ಹೊಳಲ್ಕೆರೆಯ ಕಡೆಯ ಅಡಿಕೆ ತೋಟಗಳನ್ನೂ ಬಿಟ್ಟರೆ, ಉಳಿದ ರೈತನು ಒಂದು ಮಳೆಯನ್ನು ನಂಬಿ ಬೆಳೆದುದನ್ನು ವರ್ಷವೆಲ್ಲ ಕಾಪಾಡಿಕೊಂಡು ತಿನ್ನಬೇಕು. ಹೀಗಿರುವಲ್ಲಿ ಕಣಜಕ್ಕೆ ಬಂದ ಧಾನ್ಯವನ್ನು ಇಲಿಯ ಬಾಯಿಗೆ ಕೊಡುವುದು ಹೊಲದಲ್ಲಿ ಬೆಳೆ ಒಣಗುವುದಕ್ಕಿಂತ ಹೆಚ್ಚಿನ ದುಃಖ. ಬೆಳೆದ ಇಲಿಯೊಂದು ದಿನಕ್ಕೆ ಸುಮಾರು 20ರಿಂದ 25 ಗ್ರಾಂ ಕಾಳನ್ನು ತಿನ್ನುವುದು. ತಿಂದುದಕ್ಕಿಂತ ಹೆಚ್ಚನ್ನು ಮೂತ್ರ, ಹಿಕ್ಕೆ, ಕೂದಲುಗಳಿಂದ ಕೆಡಿಸುವುದು. ಹೊಸದುರ್ಗದ ಕಡೆಯ ತೆಂಗಿನ ತೋಟಗಳಲ್ಲಿ ಅದು ಮರವನ್ನೇರಿ ಎಳೆಗಾಯಿಗಳನ್ನು ಕೊರೆದು ಕೆಡಹುವುದನ್ನು ತೋಟಗಾರರೆಲ್ಲರೂ ಬಲ್ಲರು. ಇಷ್ಟೂ ಸಾಲದೆಂಬಂತೆ, ನಾವು ಇಲಿಜ್ವರವೆಂದು ಕರೆಯುವ ಕಾಯಿಲೆಯೂ ಇಲಿಯ ಮೂತ್ರದಿಂದಲೇ ಬರುವುದು.

ಮೈಸೂರು ಸೀಮೆಗೆ 1898ರಲ್ಲಿ ಪ್ಲೇಗು ಬಂದಾಗ ಊರಿಗೆ ಊರೇ ಹೊರಗೆ ಗುಡಿಸಲು ಹಾಕಿಕೊಂಡು ವಾಸಮಾಡಿದುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಕಾಲದಲ್ಲಿಯೇ ಅಮರಾವತಿಯ ಕಡೆಯಲ್ಲಿ ವೈದ್ಯಾಧಿಕಾರಿಯಾಗಿದ್ದ ಬ್ಯೂಕ್ಯಾನನ್ ಎಂಬವರು, ಬೆಕ್ಕುಗಳನ್ನು ಹೆಚ್ಚಾಗಿ ಸಾಕಿದ ಗ್ರಾಮಗಳಲ್ಲಿ ಪ್ಲೇಗಿನ ಬಾಧೆ ಕಡಿಮೆಯೆಂದು ವಾದಿಸಿದ್ದರು. ಬೆಕ್ಕಿಗೂ ಆ ರೋಗವು ತಗಲಬಹುದೆಂದು ಈಗ ತಿಳಿದಿರುವುದರಿಂದ ಆ ವಾದವನ್ನು ಪೂರ್ತಿಯಾಗಿ ಒಪ್ಪಲಾಗದು; ಆದರೂ ಇಲಿಯ ವಿಷಯದಲ್ಲಿ ಬೆಕ್ಕಿಗೆ ಎಂತಹ ಬೆಲೆಯಿತ್ತೆಂಬುದು ಇದರಿಂದ ತಿಳಿಯುವುದು.

ಬೆಕ್ಕಿನ ಪಕ್ಷವನ್ನು ವಹಿಸಿ ನಾನು ಸುಳ್ಳು ಹೇಳಲಾರೆ. ಇಲಿಗಳು ಈಗಾಗಲೇ ತುಂಬಿಕೊಂಡಿರುವ ಕಣಜವನ್ನು ಬೆಕ್ಕೊಂದೇ ಶುದ್ಧಮಾಡಲಾರದು. ಮೈತುಂಬಿದ ಹೆಗ್ಗಣವನ್ನು ಕಂಡರೆ ಎಷ್ಟೋ ಬೆಕ್ಕುಗಳು ಹಿಂದೆ ಸರಿಯುತ್ತವೆ. ಬಿಲಗಳನ್ನು ಮುಚ್ಚುವುದು, ಬೋನು ಇಡುವುದು, ಚೀಲಗಳನ್ನು ನೆಲದಿಂದಲೂ ಗೋಡೆಯಿಂದಲೂ ದೂರವಾಗಿ ಹಲಗೆಯ ಮೇಲೆ ಜೋಡಿಸುವುದು, ಇವೆಲ್ಲ ನಡೆಯಲೇಬೇಕು. ಹೀಗೆ ಕಡಿಮೆಯಾದ ಇಲಿಗಳನ್ನು ಮತ್ತೆ ಹೆಚ್ಚದಂತೆ ತಡೆಯುವುದರಲ್ಲಿ ಬೆಕ್ಕಿನ ಸಾಮರ್ಥ್ಯವಿದೆ. ‘ವಿಷವಿರುವಾಗ ಬೆಕ್ಕೇಕೆ?’ ಎಂದು ಕೆಲವರು ಕೇಳುವರು. ಮಕ್ಕಳೂ ದನಕರುಗಳೂ ಓಡಾಡುವ ಮನೆಯಲ್ಲಿ ವಿಷವನ್ನು ವರ್ಷವೆಲ್ಲ ಇಡಲಾಗದು. ಬೆಕ್ಕು ವರ್ಷವೆಲ್ಲ ಇರುವುದು. ವಿಷವಿಟ್ಟ ದಿನಗಳಲ್ಲಂತೂ ಬೆಕ್ಕನ್ನು ಕಟ್ಟಿಹಾಕಿ, ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳತಕ್ಕದ್ದು. ಅವನ್ನು ತಿಂದು ಬೆಕ್ಕೂ ಸಾಯುವುದುಂಟು.

ಕಚ್ಚುವುದಕ್ಕೆ ಕಾರಣಗಳು

ಬೆಕ್ಕು ಕಾರಣವಿಲ್ಲದೆ ಕಚ್ಚುವ ಪ್ರಾಣಿಯಲ್ಲ. ಕಾರಣವು ನಮಗೆ ಕಾಣದಿರಬಹುದು, ಬೆಕ್ಕಿಗೆ ಕಂಡಿರುತ್ತದೆ. ಸಾಮಾನ್ಯವಾದ ಕಾರಣಗಳನ್ನು ಕೆಳಗೆ ಬರೆದಿದ್ದೇನೆ.

1. ತಾಯಿಯನ್ನು ಬೇಗನೆ ಅಗಲಿಸುವುದು. ಕಣ್ಣು ಬಿಟ್ಟ ಕೂಡಲೇ ಮರಿಯನ್ನು ನೆಂಟರ ಮನೆಗೆ ಕೊಟ್ಟುಬಿಡುವ ಪದ್ಧತಿಯು ನಮ್ಮಲ್ಲಿದೆ. ಮರಿಗಳು ಒಂದನ್ನೊಂದು ಕಚ್ಚಿ ಆಡುವಾಗ, ಹೆಚ್ಚಾಗಿ ಕಚ್ಚಿದರೆ ಎದುರಿನ ಮರಿಯು ಕಿರಿಚಿ ಆಟ ಬಿಡುವುದು. ತಾಯಿಯೂ ಒಂದು ಪೆಟ್ಟು ಕೊಡುವುದು. ಎಷ್ಟು ಬಲವಾಗಿ ಕಚ್ಚಬಹುದೆಂಬ ಪಾಠವನ್ನು ಮರಿಯು ಕಲಿಯುವುದು ಹೀಗೆ. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯೊಡನೆ ಬಿಡಬೇಕು. ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರು ಮೃದುವಾಗಿ ಮುಟ್ಟಿ ಎತ್ತಿದ ಮರಿಯು ಜೀವಮಾನವೆಲ್ಲ ಸಾಧುವಾಗಿರುವುದು; ಆ ಕಾಲದಲ್ಲಿ ಮನುಷ್ಯರ ಕೈಯನ್ನೇ ಕಾಣದ ಅಟ್ಟದ ಮರಿಯು ಕಾಡುಬೆಕ್ಕಿನಂತೆ ಬೆಳೆಯುವುದು.

2. ಕೈಯನ್ನೇ ಆಟದ ವಸ್ತುವಾಗಿ ಮಾಡುವುದು. ಪುಟ್ಟ ಮರಿಯು ಬೆರಳನ್ನು ಕಡಿದರೆ ಮಕ್ಕಳಿಗೆ ನಗು, ದೊಡ್ಡವರಿಗೂ ನಗು. ಆರು ತಿಂಗಳು ಕಳೆದ ಮೇಲೆ ಅದೇ ಕಡಿತಕ್ಕೆ ಕೋಲು ಎತ್ತುವುದು ನ್ಯಾಯವೆ? ಕೈಯು ಬೇಟೆಯೆಂದು ಕಲಿಸಿದವರು ನಾವು. ಕೈಗೆ ಬದಲಾಗಿ ಹಗ್ಗದ ತುದಿಗೆ ಕಟ್ಟಿದ ಬಟ್ಟೆಯ ಉಂಡೆಯನ್ನೋ ಜೋಳದ ಬೆಂಡನ್ನೋ ಎಳೆದು ಆಡಿಸಬೇಕು.

3. ಭಯ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದವರಿಲ್ಲ. ಮೊದಲ ದಿನ ಸುಡುಹಾಲಿಗೆ ಬಾಯಿಟ್ಟ ಆ ಬೆಕ್ಕು ಆಮೇಲೆ ಹಾಲನ್ನು ಕಂಡರೇ ಓಡುತ್ತಿತ್ತು. ಕಥೆಯನ್ನು ನಾವು ನಗುವುದಕ್ಕಾಗಿ ಹೇಳುತ್ತೇವೆ. ಆದರೆ ಅದರಲ್ಲಿ ಬೆಕ್ಕಿನ ಸ್ವಭಾವವು ಸರಿಯಾಗಿ ಅಡಗಿದೆ. ಒಂದು ಸಲ ನೋವು ಕೊಟ್ಟುದನ್ನು ಅದು ಮರೆಯದು. ಇಂದು ಪೊರಕೆಯಿಂದ ಹೊಡೆದ ಕೈಯನ್ನು ನಾಳೆ ನಂಬದು. ಮೂಲೆಗೆ ಒತ್ತರಿಸಿ ಹಿಡಿಯಹೋದರೆ ಓಡಲು ದಾರಿ ಕಾಣದೆ ಕಚ್ಚುವುದು.

4. ಸಾಕೆಂದರೂ ಸವರುವುದು. ತೊಡೆಯ ಮೇಲೆ ಮಲಗಿ ಗುರುಗುಟ್ಟುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಚ್ಚಿತೆಂದು ಅನೇಕರು ದೂರುವರು. ಇದ್ದಕ್ಕಿದ್ದಂತೆ ಅಲ್ಲ. ಬಾಲದ ತುದಿ ಅಲ್ಲಾಡುವುದು, ಕಿವಿಗಳು ಹಿಂದಕ್ಕೆ ಬಾಗುವುದು, ಬೆನ್ನಿನ ಚರ್ಮ ಅದುರುವುದು, ಕಣ್ಣಿನ ಪಾಪೆ ಅಗಲವಾಗುವುದು, ಇವು ಅದರ ಎಚ್ಚರಿಕೆಗಳು. ಎತ್ತು ತಲೆ ತಗ್ಗಿಸಿದರೆ ನಾವು ದೂರ ಸರಿಯುವುದಿಲ್ಲವೆ? ಅದೇ ವಿವೇಕವನ್ನು ಇಲ್ಲಿಯೂ ತೋರಿಸತಕ್ಕದ್ದು.

5. ಬೇರೆ ಕಡೆಯ ಸಿಟ್ಟು. ಅಂಗಳಕ್ಕೆ ಪರ ಬೆಕ್ಕೋ ನಾಯಿಯೋ ಬಂದು ಕೆರಳಿದ ಬೆಕ್ಕು, ಆ ಹೊತ್ತಿನಲ್ಲಿ ಹತ್ತಿರ ಬಂದವರನ್ನು ಕಚ್ಚಬಹುದು. ಕಾದಾಡುವ ಬೆಕ್ಕುಗಳನ್ನು ಕೈಯಿಂದ ಬಿಡಿಸಬಾರದು. ಒಂದು ಚೊಂಬು ನೀರು ಎರಚಿದರೆ ಸಾಕು.

6. ನೋವು. ಹಲ್ಲಿನ ಹುಣ್ಣು, ಕಿವಿಯ ಹುಳು, ಜಗಳದಲ್ಲಿ ಆದ ಗಾಯ ಕೀವುಗಟ್ಟಿದುದು, ಮುದಿತನದ ಕೀಲುನೋವು, ಇವುಗಳಲ್ಲಿ ಯಾವುದಿದ್ದರೂ ಮುಟ್ಟಿದರೆ ಕಚ್ಚುವುದು. ಸಾಧುವಾಗಿದ್ದ ಬೆಕ್ಕು ಹಠಾತ್ತಾಗಿ ಕಚ್ಚತೊಡಗಿದರೆ ಅದನ್ನು ಪಶುವೈದ್ಯರಿಗೆ ತೋರಿಸಬೇಕು.

7. ಮರಿಗಳ ರಕ್ಷಣೆ. ಇದರ ಉದಾಹರಣೆಯನ್ನು ಮೊದಲೇ ಕೊಟ್ಟಿದ್ದೇನೆ. ಹಸು ಈದ ಕೊಟ್ಟಿಗೆಗೆ ಅಪರಿಚಿತರನ್ನು ಬಿಡದ ನಾವು, ಬೆಕ್ಕು ಮರಿ ಹಾಕಿದ ಅಟ್ಟಕ್ಕೆ ಮಕ್ಕಳನ್ನು ಬಿಡುವುದು ವಿಚಿತ್ರ.

ಮಾಡತಕ್ಕ ಮತ್ತು ಮಾಡಬಾರದ ಕ್ರಮಗಳು

ಬೆಕ್ಕು ಕೈಯನ್ನು ಕಚ್ಚಿ ಹಿಡಿದರೆ ಸೆಳೆದುಕೊಳ್ಳಬಾರದು. ಸೆಳೆದರೆ ಬೇಟೆಯು ಓಡುವುದೆಂದು ತಿಳಿದು ಹಲ್ಲನ್ನು ಇನ್ನೂ ಒತ್ತುವುದು, ಗಾಯವೂ ಸೀಳುವುದು. ಕೈಯನ್ನು ಅಲುಗಿಸದೆ ನಿಲ್ಲಿಸಿದರೆ, ಇಲ್ಲವೆ ಅದರ ಬಾಯ ಕಡೆಗೇ ಸ್ವಲ್ಪ ಒತ್ತಿದರೆ, ಹಿಡಿತವನ್ನು ಬಿಡುವುದು. ಆಮೇಲೆ ಮಾತಿಲ್ಲದೆ ಎದ್ದು ಹೋಗಬೇಕು. ಕಚ್ಚಿದರೆ ಆಟ ಮುಗಿಯಿತೆಂಬ ಪಾಠವು ಹೊಡೆತಕ್ಕಿಂತ ಬೇಗನೆ ಹತ್ತುವುದು. ಹೊಡೆಯುವುದರಿಂದ ಕಚ್ಚುವುದು ಹೆಚ್ಚುವುದೇ ಹೊರತು ಕಡಿಮೆಯಾಗದು.

ಹಸಿದ ಬೆಕ್ಕೇ ಇಲಿಯನ್ನು ಚೆನ್ನಾಗಿ ಹಿಡಿಯುವುದೆಂಬುದು ನಮ್ಮ ಜನರ ನಂಬಿಕೆ. ಇದು ತಪ್ಪು. ಬೇಟೆಯು ಬೆಕ್ಕಿನ ಹುಟ್ಟುಗುಣ. ಹೊಟ್ಟೆ ತುಂಬಿದ್ದರೂ ಅದು ಇಲಿಯ ಮೇಲೆ ಎರಗುವುದು. ಹಸಿದುದಾದರೋ ಊರೆಲ್ಲ ಅಲೆದು, ಅಡಿಗೆಮನೆಯಲ್ಲಿ ಕದ್ದು, ಕೋಳಿಮರಿಗೆ ಬಾಯಿ ಹಾಕುವುದು. ದಿನಕ್ಕೆ ಎರಡು ಸಲ ಗೊತ್ತಾದ ವೇಳೆಯಲ್ಲಿ ಕಣಜದ ಹತ್ತಿರವೇ ಆಹಾರವಿಟ್ಟರೆ ಅದು ಅಲ್ಲಿಯೇ ನೆಲಸುವುದು. ಬೆಕ್ಕು ಮಾಂಸಾಹಾರಿಯಾದುದರಿಂದ ಹಾಲನ್ನದಿಂದ ಮಾತ್ರ ಅದರ ದೇಹವು ನಿಲ್ಲದು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವೂ ಆಗದು. ಮಾಂಸವನ್ನು ಒಳಗೆ ತಾರದ ಮನೆಯವರು ಬೆಕ್ಕಿಗೆ ಅಟ್ಟ, ಬಣವೆ, ಕೊಟ್ಟಿಗೆಗಳಲ್ಲಿ ಸ್ವೇಚ್ಛೆಯಾಗಿ ಓಡಾಡಲು ಬಿಟ್ಟರೆ ತನ್ನ ಪಾಲನ್ನು ತಾನೇ ಸಂಪಾದಿಸಿಕೊಳ್ಳುವುದು.

ಗಂಡು ಬೆಕ್ಕುಗಳ ಬೀಜ ಒಡೆಸಿದರೆ ಅಲೆದಾಟವೂ ಕಾದಾಟವೂ ಬಹಳವಾಗಿ ತಗ್ಗುವುವು. ಹೋರಿಯನ್ನು ಎತ್ತು ಮಾಡುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಬೆಕ್ಕಿಗೆ ಇದನ್ನು ಪಶುವೈದ್ಯರೇ ಅರಿವಳಿಕೆ ಕೊಟ್ಟು ಮಾಡಬೇಕು. ಹೆಣ್ಣಿಗೂ ಶಸ್ತ್ರಚಿಕಿತ್ಸೆ ಮಾಡಿಸಿದರೆ ವರ್ಷಕ್ಕೆ ಎರಡು ಮೂರು ಸೂಲು ಮರಿಗಳನ್ನು ಸಾಕಲಾರದೆ ಬೀದಿಗೆ ಬಿಡುವ ಪಾಪವು ತಪ್ಪುವುದು.

ಕಚ್ಚಿದ ಮೇಲೆ

ಈ ಭಾಗವನ್ನು ದಯವಿಟ್ಟು ಮನೆಯ ಹೆಂಗಸರಿಗೂ ಆಳುಗಳಿಗೂ ಓದಿ ಹೇಳಿರಿ.

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯನ್ನು ನೋಡದವರು ನಮ್ಮಲ್ಲಿ ವಿರಳ. ಏಳು ಸುತ್ತಿನ ಕೋಟೆಯ ಹೆಬ್ಬಾಗಿಲುಗಳಿಂದ ಒಳಗೆ ಬರಲಾರದ ಹೈದರಾಲಿಯ ಸೈನಿಕರು ಮನುಷ್ಯನೊಬ್ಬನು ತೆವಳುವಷ್ಟು ಸಂದಿನಿಂದ ನುಗ್ಗಿದರೆಂದು ಪ್ರತೀತಿ. ಬೆಕ್ಕಿನ ಹಲ್ಲಿನ ಗಾಯವು ಇಂತಹ ಕಿಂಡಿ. ನಾಯಿಯ ಹಲ್ಲು ಹರಿಯುವುದು, ಗಾಯವು ಕಣ್ಣಿಗೆ ಕಾಣುವುದು. ಬೆಕ್ಕಿನ ಹಲ್ಲಾದರೋ ಸೂಜಿಯಂತೆ ಸಣ್ಣದಾಗಿ ಆಳಕ್ಕೆ ಇಳಿದು, ಅದರ ಬಾಯಿಯಲ್ಲಿ ಸದಾ ಇರುವ ಸೂಕ್ಷ್ಮಜೀವಿಗಳನ್ನು ನರ, ಕೀಲುಗಳ ಬಳಿಗೆ ಸಾಗಿಸುವುದು. ಮೇಲಿನ ಚರ್ಮವು ಕೂಡಲೇ ಮುಚ್ಚಿಕೊಳ್ಳುವುದು. ಅವುಗಳಲ್ಲಿ ಮುಖ್ಯವಾದುದು ಪಾಶ್ಚುರೆಲ್ಲ ಎಂಬ ಜೀವಿ. ನಮ್ಮ ದನಗಳಿಗೆ ಮಳೆಗಾಲದಲ್ಲಿ ಬರುವ ಗಳಲೆ ರೋಗಕ್ಕೂ ಇದೇ ಜಾತಿಯ ಜೀವಿಯೇ ಕಾರಣವೆಂದರೆ ಅದರ ಬಲವು ರೈತನಿಗೆ ಅರ್ಥವಾದೀತು. ಅನೇಕ ವೇಳೆ ಒಂದು ಹಗಲು ಒಂದು ರಾತ್ರಿ ಕಳೆಯುವುದರೊಳಗೆ ಊತವೂ ನೋವೂ ತೋರುವುವು. ಕೈಯ ಮೇಲಿನ ಕಡಿತವಂತೂ ಎಷ್ಟು ಚಿಕ್ಕದಾಗಿ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು.

ಇದಕ್ಕಿಂತ ಭಯಂಕರವಾದುದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಇದು ನಾಯಿಯಿಂದ ಮಾತ್ರ ಬರುವುದೆಂಬ ನಂಬಿಕೆಯು ತಪ್ಪು. ಆ ರೋಗವುಳ್ಳ ನಾಯಿಯೋ ನರಿಯೋ ಮುಂಗುಸಿಯೋ ಕಚ್ಚಿದ ಬೆಕ್ಕಿನಿಂದಲೂ ಬರುವುದು. ರೋಗದ ಲಕ್ಷಣವು ಮನುಷ್ಯನಲ್ಲಿ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮುಂಚೆ ಚಿಕಿತ್ಸೆ ಮಾಡಿದರೆ ಸಾಯುವವರು ಇಲ್ಲವೆಂದೇ ಹೇಳಬಹುದು. ಆದಕಾರಣ:

ಕಚ್ಚಿದ ಕೂಡಲೇ ಸಾಬೂನು ಹಚ್ಚಿ, ಸುರಿಯುವ ನೀರಿನಲ್ಲಿ ಪೂರಾ 15 ನಿಮಿಷ ಗಾಯವನ್ನು ತೊಳೆಯಬೇಕು. ಬೋರ್‌ವೆಲ್ಲಿನ ನೀರಾದರೂ ಸರಿ, ಕೊಡದಿಂದ ಹೊಯ್ದರೂ ಸರಿ. ಆಮೇಲೆ ಅಯೊಡಿನ್ ಔಷಧಿಯನ್ನು ಹಚ್ಚಬಹುದು. ಅರಿಸಿನ, ಸುಣ್ಣ, ಕಾರದಪುಡಿ, ಕಾಫಿಪುಡಿ, ಸೊಪ್ಪಿನ ರಸ, ಇವುಗಳಲ್ಲಿ ಯಾವುದನ್ನೂ ಹಚ್ಚಬಾರದು, ಬಿಗಿಯಾಗಿ ಕಟ್ಟಲೂಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು, ಬೇಕಾದರೆ ಧನುರ್ವಾಯುವಿನ ಚುಚ್ಚುಮದ್ದು, ಇವನ್ನು ಹಾಕಿಸಿಕೊಳ್ಳಬೇಕು. ರಕ್ತ ಬಂದ ಗಾಯವಾದರೆ ಗಾಯದೊಳಕ್ಕೇ ಕೊಡುವ ಇನ್ನೊಂದು ಔಷಧಿಯೂ ಇದೆ. ಅದನ್ನು ಕೇಳಿ ಪಡೆಯಬೇಕು.

ಹೊಕ್ಕುಳ ಸುತ್ತ 14 ಚುಚ್ಚುಮದ್ದುಗಳೆಂಬ ಭಯವು ಹಳಬರಲ್ಲಿ ಇನ್ನೂ ಇದೆ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಔಷಧಿಯನ್ನು ನಮ್ಮ ದೇಶದಲ್ಲಿ 2004ರಲ್ಲಿಯೇ ನಿಲ್ಲಿಸಿದರು. ಈಗಿನದು ತೋಳಿಗೆ ಕೊಡುವ ನಾಲ್ಕೈದು ಸರದಿಯ ಚುಚ್ಚುಮದ್ದು: ಮೊದಲ ದಿನ, ಅಲ್ಲಿಂದ ಎಣಿಸಿ 3, 7, 28ನೆಯ ದಿನಗಳು, ಇನ್ನೊಂದು ಕ್ರಮದಲ್ಲಿ 14ನೆಯ ದಿನವೂ ಸೇರಿ. ಗರ್ಭಿಣಿಯರಿಗೂ ಕೂಸುಗಳಿಗೂ ಇದನ್ನು ಕೊಡಬಹುದು, ಪಥ್ಯವೇನೂ ಇಲ್ಲ. ಎರಡು ಸರದಿ ಹಾಕಿಸಿ, ಬಿತ್ತನೆಯ ಕೆಲಸವೆಂದು ಮೂರನೆಯದನ್ನು ಬಿಡುವವರಿದ್ದಾರೆ, ಹಾಗೆ ಮಾಡಬಾರದು.

ಕಚ್ಚಿದ ಬೆಕ್ಕನ್ನು ಕೊಲ್ಲಬಾರದು, ಓಡಿಸಲೂಬಾರದು. ಹತ್ತು ದಿನ ಕಣ್ಣಿಟ್ಟು ನೋಡಬೇಕು. ಅದು ಆರೋಗ್ಯವಾಗಿಯೇ ಉಳಿದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ಆ ರೋಗವಿರಲಿಲ್ಲವೆಂದು ವೈದ್ಯರು ನಿರ್ಣಯಿಸಬಹುದು. ಆದರೆ ಚುಚ್ಚುಮದ್ದನ್ನು ಆ ಹತ್ತು ದಿನ ಕಾಯಿಸಬಾರದು. ಗೋಣಿಚೀಲದಲ್ಲಿ ಕಟ್ಟಿ ಬಿಟ್ಟುಬಂದ ಬೆಕ್ಕಿನಿಂದ ಈ ಸಾಕ್ಷ್ಯವೂ ಕಳೆದುಹೋಗುವುದು. ರೋಗವಿದ್ದರೆ ಅದು ಇನ್ನೊಂದು ಊರಿಗೂ ತಲಪುವುದು.

ಊರಿನ ಮುಖಂಡರಲ್ಲಿ ಬಿನ್ನಹ

ಗ್ರಾಮದ ಹಿರಿಯರ ಒಂದು ಮಾತಿಗೆ ನಮ್ಮ ನೂರು ಕರಪತ್ರಗಳಿಗಿಂತ ಹೆಚ್ಚಿನ ಬೆಲೆಯಿದೆ. ಆದುದರಿಂದ ಮೂರು ಕೆಲಸಗಳನ್ನು ತಮ್ಮಲ್ಲಿ ಬೇಡುತ್ತೇನೆ. ಮೊದಲನೆಯದು, ವರ್ಷಕ್ಕೊಂದು ದಿನ ಪಶುವೈದ್ಯರನ್ನು ಊರಿಗೆ ಕರೆಸಿ, ನಾಯಿಗಳ ಜೊತೆಯಲ್ಲಿ ಬೆಕ್ಕುಗಳಿಗೂ ರೇಬೀಸ್ ಚುಚ್ಚುಮದ್ದು ಹಾಕಿಸುವುದು; ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಇದನ್ನು ಹಾಕಿಸಬಹುದು. ಎರಡನೆಯದು, ಬೆಕ್ಕು ಕಚ್ಚಿದ ಕೂಲಿಯಾಳಾಗಲಿ, ಆಳಿನ ಮಗುವಾಗಲಿ ಅದೇ ದಿನ ಆಸ್ಪತ್ರೆ ಸೇರುವಂತೆ ನೋಡಿಕೊಳ್ಳುವುದು; ಜಮೀನಿನ ಒಡೆಯನು ಬೈಕನ್ನೋ ಗಾಡಿಯನ್ನೋ ಕೊಟ್ಟರೆ ಒಂದು ದಿನದ ಕೂಲಿಯ ಆಸೆಗೆ ಜೀವವನ್ನು ಪಣಕ್ಕಿಡುವವರು ಕಡಿಮೆಯಾಗುವರು. ಮೂರನೆಯದು, ಬೆಕ್ಕುಗಳನ್ನು ಹಿಡಿದು ಹೊರಗೆ ಹಾಕುವ ತೀರ್ಮಾನಗಳನ್ನು ತಡೆಯುವುದು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಲಿಗಳು ಕೇಳಿದವಂತೆ. ಬೆಕ್ಕಿಗೆ ಚುಚ್ಚುಮದ್ದು ಹಾಕಿಸುವವರು ಯಾರೆಂದು ನಮ್ಮ ಊರುಗಳಲ್ಲಿ ಇದುವರೆಗೆ ಯಾರೂ ಕೇಳಿಲ್ಲ. ತಾವು ಕೇಳಬೇಕು.

ನಾನು ಹೇಳಿದ ಆ ಮನೆಯಲ್ಲಿ ಈಗ ಮತ್ತೆ ಒಂದು ಬೆಕ್ಕಿದೆ. ಎಂಟು ವಾರ ತಾಯಿಯೊಡನೆ ಇದ್ದ ಮರಿಯನ್ನು ಹಿರಿಯೂರಿನ ನೆಂಟರ ಮನೆಯಿಂದ ತಂದರು, ಚುಚ್ಚುಮದ್ದನ್ನೂ ಹಾಕಿಸಿದರು. ಹುಡುಗನು ಅದನ್ನು ಬಟ್ಟೆಯ ಉಂಡೆಯಿಂದ ಆಡಿಸುತ್ತಾನೆ. ಬಾಲದ ತುದಿ ಅಲ್ಲಾಡಿದರೆ ಉಂಡೆಯನ್ನು ಬಿಟ್ಟು ಎದ್ದುಹೋಗುತ್ತಾನೆ. ಕಳೆದ ಬಾರಿ ಹೋದಾಗ ನಾನು ಅದನ್ನು ಸವರಲು ಕೈ ಚಾಚಿದೆನು. ‘ಈಗ ಬೇಡ ಸ್ವಾಮಿ, ಕಿವಿ ಹಿಂದಕ್ಕೆ ಹಾಕಿದೆ’ ಎಂದು ಹುಡುಗನೇ ತಡೆದನು. ನಾನು ಕೈಯನ್ನು ಹಿಂದಕ್ಕೆ ತೆಗೆದುಕೊಂಡೆನು.